ಸಹಾಯ ಬೇಕು: ರೋಟರಿ ಟೇಬಲ್‌ಗೆ ವರ್ಮ್ ವೀಲ್ ಎಲ್ಲಿ ಮಾಡಿಸಬಹುದು?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರದವನು. ಮನೆಯ ಶೆಡ್‌ನಲ್ಲಿ ಸಣ್ಣ ಲೇತ್, ಮಿಲ್ಲಿಂಗ್ ಮಷಿನ್ ಇದೆ. ಈಗ ಒಂದು ರೋಟರಿ ಟೇಬಲ್ (ಕೆಲಸದ ತುಂಡನ್ನು ಬೇಕಾದಷ್ಟು ಡಿಗ್ರಿ ತಿರುಗಿಸಿ ಕಡಿಯಲು ಬಳಸುವ ಮೇಜು) ಮಾಡುತ್ತಿದ್ದೇನೆ. ಬೀಡಿನ ಬಾಡಿ, ಮೇಲಿನ ಪ್ಲೇಟ್ ಎರಡೂ ರೆಡಿ. ಬಾಕಿ ಇರುವುದು ಗೇರ್ ಮಾತ್ರ: ಸ್ಕ್ರೂ ತರಹದ ವರ್ಮ್, ಅದು ತಿರುಗಿಸುವ ಹಲ್ಲಿನ ಚಕ್ರ ವರ್ಮ್ ವೀಲ್.

ಬೇಕಾದದ್ದು 1.5 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ), 90 ಹಲ್ಲಿನ ವೀಲ್. ಅಂದರೆ ಪಿಚ್ ವ್ಯಾಸ 135 ಮಿ.ಮೀ. ವರ್ಮ್ ಸಿಂಗಲ್ ಸ್ಟಾರ್ಟ್, ಅಂದರೆ ಒಂದೇ ಎಳೆಯ ಥ್ರೆಡ್. ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಟೇಬಲ್ ಸರಿಯಾಗಿ 4 ಡಿಗ್ರಿ ತಿರುಗಬೇಕು. ವೀಲ್ ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್‌ನದ್ದಾದರೆ ಒಳ್ಳೆಯದು.

ವರ್ಮ್ ನಾನೇ ಲೇತ್‌ನಲ್ಲಿ ಕಡಿಯುತ್ತೇನೆ. ಪಿಚ್ 4.712 ಮಿ.ಮೀ. ಬರಬೇಕು, ಚೇಂಜ್ ಗೇರ್‌ನಲ್ಲಿ π ಬದಲು 22/7 ಲೆಕ್ಕ ಹಿಡಿದರೆ ಸಾಕಷ್ಟು ಹತ್ತಿರ ಬರುತ್ತದೆ. ಚಿಂತೆ ಇರುವುದು ವೀಲಿನದ್ದೇ. ಹಾಬ್ (ವರ್ಮ್ ಆಕಾರದ, ಹಲ್ಲು ಕಡಿಯುವ ಕಟರ್) ಒತ್ತಿ ವೀಲನ್ನು ಸುಮ್ನೆ ತಿರುಗಲು ಬಿಟ್ಟರೆ 90ರ ಬದಲು 89 ಅಥವಾ 91 ಹಲ್ಲು ಬಿದ್ದುಬಿಡಬಹುದು, ಅಲ್ವಾ? ಮೊದಲು ಡಿವೈಡಿಂಗ್ ಹೆಡ್ (ಸುತ್ತನ್ನು ಸಮಭಾಗ ಮಾಡುವ ಸಾಧನ)‌ನಲ್ಲಿ ಒಂದೊಂದೇ ಹಲ್ಲಿಗೆ ತೋಡು ಕಡಿದುಕೊಳ್ಳಬೇಕು. ಆ ಹೆಡ್ ನನ್ನ ಹತ್ತಿರ ಇಲ್ಲ.

ಮಂಗಳೂರಿನ ಬೈಕಂಪಾಡಿ ಕಡೆ ಒಂದೇ ಪೀಸ್ ಹಾಬಿಂಗ್ ಮಾಡಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕೊಯಮತ್ತೂರಿಗೆ ಕಳಿಸಿ ಮಾಡಿಸಿದವರಿದ್ದರೆ ಖರ್ಚು ಎಷ್ಟಾಯಿತು ಹೇಳಿ. ಹಳೆಯ ಡಿವೈಡಿಂಗ್ ಹೆಡ್‌ನ 40 ಹಲ್ಲಿನ ಸೆಟ್ ಆದರೂ ಆದೀತು, ಹಲ್ಲು ಸವೆದಿರಬಾರದು ಅಷ್ಟೇ. ಡ್ರಾಯಿಂಗ್ ಕೇಳಿದವರಿಗೆ ಕಳಿಸುತ್ತೇನೆ.