ಜೂಜಿನ ಸಾಲ ತೀರಿಸೋಕೆ ಸಂಘದಿಂದ ಮರುಸಾಲ: ಕೊಡೋದಾ, ಬೇಡವಾ?

ಸಾಲಸಮಿತಿ_ಗಿರಿನಗರ:

ನೌಕರರ ಪತ್ತಿನ ಸಹಕಾರ ಸಂಘವೊಂದರ ಸಾಲ ಸಮಿತಿ ಪರವಾಗಿ ಕೇಳುತ್ತಿದ್ದೇನೆ. ಕಂತು ಸಂಬಳದಲ್ಲೇ ಕಡಿತ, ಜಾಮೀನಿಗೆ ಇಬ್ಬರು ಸದಸ್ಯರು. ಹಳೇ ಸಾಲ ಅರ್ಧವೂ ತೀರದೆ ಮರುಸಾಲ ಕೇಳುವವರು ಹೆಚ್ಚಾಗಿದ್ದಾರೆ. ಅರ್ಜಿಯಲ್ಲಿ ಮನೆ ರಿಪೇರಿ, ಮಕ್ಕಳ ಫೀಸು ಎಂದಿರುತ್ತದೆ. ನಿಜವಾದ ಕಾರಣ ಜಾಮೀನುದಾರರ ಬಾಯಿಂದ ಆಮೇಲೆ ಗೊತ್ತಾಗುತ್ತದೆ: ಆನ್‌ಲೈನ್ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್, ಒಂದಿಬ್ಬರದ್ದು ಪಣಜಿಯ ಕ್ಯಾಸಿನೊ ಹಡಗು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಇದೆಲ್ಲ ನಿಲ್ಲುತ್ತದೆ ಎಂದುಕೊಂಡಿದ್ದೆವು.

ಮಂಜೂರಾತಿಗೆ ಮುಂಚೆಯೇ ಕಾಗದಪತ್ರದಿಂದ ಇದನ್ನು ಗುರುತಿಸಬಹುದೇ? ಗೊತ್ತಾದ ಮೇಲೆ ಸಾಲ ಕೊಟ್ಟು ಉಳಿಸುವುದೋ, ತಿರಸ್ಕರಿಸುವುದೋ? ಮನೆಯವರು ಬಂದು ಕೇಳಿದರೆ ಏನು ಹೇಳಬೇಕು? ಸಂಬಂಧಪಟ್ಟವರು ದಯವಿಟ್ಟು ವಿವರವಾಗಿ ಬರೆಯಿರಿ. ಉಪದೇಶ ಬೇಡ, ಅದು ಸಮಿತಿಯಲ್ಲೇ ಬೇಕಾದಷ್ಟು ಆಗುತ್ತದೆ.

ಖಾತೆಕಿರ್ದಿ:

ಗುರುತಿಸಬಹುದು. ಸಂಬಳ ಚೀಟಿ ನೋಡಿ ಏನೂ ಗೊತ್ತಾಗುವುದಿಲ್ಲ. ಸಂಬಳ ಬೀಳುವ ಖಾತೆಯ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳಿ, ಮೊತ್ತಕ್ಕಿಂತ ಸಮಯ ನೋಡಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಗಂಟೆ ಇಲ್ಲದಿದ್ದರೆ ಯುಪಿಐ ಆ್ಯಪ್‌ನ ಹಿಸ್ಟರಿಯಲ್ಲಿ ಇರುತ್ತದೆ. ರಾತ್ರಿ ಹನ್ನೊಂದರಿಂದ ಮೂರರ ತನಕ 500, 1000, 2000 ಹೀಗೆ ದುಂಡು ಮೊತ್ತ ಐದೈದು ನಿಮಿಷಕ್ಕೊಮ್ಮೆ ಹೋಗಿದ್ದರೆ ಅದು ತರಕಾರಿ ಖರ್ಚಲ್ಲ. ಮೊತ್ತ 500ರಿಂದ ಶುರುವಾಗಿ ದುಪ್ಪಟ್ಟಾಗುತ್ತಾ ಹೋಗಿ, ಬ್ಯಾಲೆನ್ಸ್ ನೂರಿನ್ನೂರಕ್ಕೆ ಬಂದು ನಿಂತಿದ್ದರೆ ಕಳೆದದ್ದನ್ನು ಅಟ್ಟಿಸಿಕೊಂಡು ಆಡಿದ್ದಾರೆ ಎಂದರ್ಥ. ಮಾರನೇ ದಿನ ಸಾಲದ ಆ್ಯಪ್‌ನಿಂದ ಎಂಟು ಹತ್ತು ಸಾವಿರ ಜಮೆ, ಅದೇ ಗಂಟೆಯಲ್ಲಿ ಮತ್ತೆ ಖಾಲಿ.

ಕಾಯ್ದೆಯ ಬಗ್ಗೆ: ಅದಕ್ಕೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ಕ್ಕೆ. ಹಣ ಕಟ್ಟಿ ಆಡುವ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಇಲ್ಲಿನ ದೊಡ್ಡ ಕಂಪನಿಗಳು ಹಣದಾಟ ನಿಲ್ಲಿಸಿದವು. ವಿದೇಶಿ ಸೈಟುಗಳಲ್ಲಿ ಆಡಲು ಬೇಕಾದ ‘ಐಡಿ’ ಮಾತ್ರ ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಸಿಗುತ್ತದೆ. ಹಾಗಾಗಿ ಸ್ಟೇಟ್‌ಮೆಂಟ್‌ನಲ್ಲಿ ಈಗ ಕಂಪನಿ ಹೆಸರು ಹುಡುಕಿ ಪ್ರಯೋಜನವಿಲ್ಲ. ವಾರಕ್ಕೊಂದು ಹೊಸ ವ್ಯಕ್ತಿಯ ಹೆಸರಿಗೆ ಹಣ ಹೋಗಿರುತ್ತದೆ. ಅವು ಬಾಡಿಗೆ ಖಾತೆಗಳು. ನಿಮ್ಮ ಸದಸ್ಯರ ಖಾತೆಗೇ ಅಪರಿಚಿತರಿಂದ ಹಣ ಬಂದು ತಕ್ಷಣ ಬೇರೆಡೆ ಹೋಗಿದ್ದರೆ ಇನ್ನೂ ಗಂಭೀರ: ಕಮಿಷನ್ ಆಸೆಗೆ ತಮ್ಮ ಖಾತೆಯನ್ನೇ ಬಾಡಿಗೆ ಕೊಟ್ಟಿರಬಹುದು. ಯಾವುದೋ ರಾಜ್ಯದ ಸೈಬರ್ ಪೊಲೀಸರು ಖಾತೆ ಸ್ಥಗಿತ ಮಾಡಿಸಿದರೆ ಸಂಬಳವೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಸ್ಟೇಟ್‌ಮೆಂಟ್ ಜೊತೆಗೆ ಇನ್ನು ಮೂರು ಕಾಗದ ಕೇಳಿ. ಒಂದು, ಕ್ರೆಡಿಟ್ ವರದಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡಬೇಕು. ಸ್ಕೋರ್ ಬಿಡಿ, ‘ಎನ್‌ಕ್ವೈರಿ’ ಪುಟ ತೆಗೆಯಿರಿ. ಒಂದೇ ತಿಂಗಳಲ್ಲಿ ಏಳೆಂಟು ಕಡೆ ಸಾಲ ಕೇಳಿದ್ದು ಅಲ್ಲಿ ಕಾಣುತ್ತದೆ. ಎರಡು, ಆದಾಯ ತೆರಿಗೆ ಪೋರ್ಟಲ್‌ನ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 194ಬಿಎ ಪ್ರಕಾರ ಶೇ. 30 ಟಿಡಿಎಸ್ ಹಿಡಿಯುತ್ತಿದ್ದರು. ಆ ನಮೂದು ಇದ್ದರೆ ಹಿಂದೆ ಆಡಿದ್ದು ಖಚಿತ. ಇಲ್ಲ ಎಂದ ಮಾತ್ರಕ್ಕೆ ಆಡಿಲ್ಲ ಎನ್ನುವಂತಿಲ್ಲ, ಸೋತವರಿಗೆ ಟಿಡಿಎಸ್ ಬರುವುದಿಲ್ಲವಲ್ಲ! ಮೂರು, ಪಿಎಫ್ ಪಾಸ್‌ಬುಕ್. ‘ಕಾಯಿಲೆ’ ಕಾರಣ ಕೊಟ್ಟು ಮುಂಗಡ ತೆಗೆದದ್ದು ಅಲ್ಲಿರುತ್ತದೆ.

ಕೈಸಾಲ, ಚೀಟಿ, ಮಾರ್ವಾಡಿ ಅಂಗಡಿಯಲ್ಲಿಟ್ಟ ಒಡವೆ, ಎಲ್‌ಐಸಿ ಪಾಲಿಸಿ ಮೇಲಿನ ಸಾಲ ಇವು ಯಾವ ಕ್ರೆಡಿಟ್ ವರದಿಯಲ್ಲೂ ಸಿಗುವುದಿಲ್ಲ. ಅದನ್ನು ಬಾಯಿ ಬಿಟ್ಟೇ ಕೇಳಬೇಕು.

ಸಮಾಲೋಚಕಿ_ಜಯನಗರ:

ಸರ್, ಮರುಸಾಲದ ಬಗ್ಗೆ ನನ್ನ ಉತ್ತರ: ಕೈಗೆ ಒಂದು ರೂಪಾಯಿಯೂ ಬೇಡ.

ಜೂಜಿನ ಅಸ್ವಸ್ಥತೆಯನ್ನು ಮನೋವೈದ್ಯರು ಒಂಬತ್ತು ಲಕ್ಷಣಗಳಿಂದ ಅಳೆಯುತ್ತಾರೆ. ಹನ್ನೆರಡು ತಿಂಗಳಲ್ಲಿ ನಾಲ್ಕೋ ಹೆಚ್ಚೋ ಕಂಡರೆ ರೋಗ ಎನ್ನುತ್ತಾರೆ. ಪಣ ಏರಿಸುತ್ತಾ ಹೋಗುವುದು, ನಿಲ್ಲಿಸಲು ಹೋದರೆ ಸಿಡಿಮಿಡಿ, ಸೋತದ್ದನ್ನು ಮರುದಿನವೇ ಗೆಲ್ಲಲು ಹೋಗುವುದು, ಎಷ್ಟು ಆಡಿದೆ ಎಂಬುದನ್ನು ಮುಚ್ಚಿಡುವುದು ಆ ಪಟ್ಟಿಯಲ್ಲಿವೆ. ಹಣದ ಇಕ್ಕಟ್ಟಿನಿಂದ ಪಾರಾಗಲು ಬೇರೆಯವರ ಮೇಲೆ ಬೀಳುವುದೂ ಅದೇ ಪಟ್ಟಿಯಲ್ಲಿದೆ. ಅಂದರೆ ನಿಮ್ಮ ಮುಂದಿರುವ ಮರುಸಾಲದ ಅರ್ಜಿಯೇ ಒಂದು ಲಕ್ಷಣ. ಅದನ್ನು ಮಂಜೂರು ಮಾಡಿದರೆ ಒತ್ತಡ ಇಳಿಯುತ್ತದೆ, ಆಟಕ್ಕೆ ಮತ್ತೆ ಜಾಗವಾಗುತ್ತದೆ. ಒಡವೆ ಮಾರಿ ಸಾಲ ತೀರಿಸಿದ ಮನೆಗಳಲ್ಲೂ ನಡೆಯುವುದು ಇದೇ.

ಮೊದಲ ಸಲ ‘ಒಟ್ಟು ಎಷ್ಟು?’ ಎಂದು ಕೇಳಿದಾಗ ಬರುವ ಮೊತ್ತವನ್ನು ನಂಬಬೇಡಿ. ನಾಚಿಕೆಗೆ ಅರ್ಧ ಹೇಳಿರುತ್ತಾರೆ, ಉಳಿದರ್ಧವನ್ನು ಗೆದ್ದು ತುಂಬುವ ಲೆಕ್ಕಾಚಾರ ಒಳಗೇ ಇರುತ್ತದೆ. ಮೇಲಿನವರು ಹೇಳಿದ ಕಾಗದಗಳನ್ನು ಮೇಜಿನ ಮೇಲಿಟ್ಟು ಸಾಲ ಕೊಟ್ಟವರ ಹೆಸರು, ಅಸಲು, ಬಡ್ಡಿ, ಕಂತಿನ ದಿನ ಬರೆಸಿ. ಒಂದು ವಾರ ಬಿಟ್ಟು ಮತ್ತೊಮ್ಮೆ ಬರೆಸಿ.

ಚಿಕಿತ್ಸೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮೊಬೈಲ್, ಆನ್‌ಲೈನ್ ಆಟದ ಚಟಕ್ಕೆ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ಕೂ ಇದೆ. ಹೋಗಲು ಹಿಂಜರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ, ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮುಖ್ಯ ಚಿಕಿತ್ಸೆ ಆಲೋಚನೆ ಮತ್ತು ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ: ಆಡುವ ಹಂಬಲ ಯಾವ ಹೊತ್ತಿಗೆ, ಯಾವುದರ ಬೆನ್ನಿಗೆ ಏಳುತ್ತದೆ ಎಂದು ಬರೆದಿಡುವುದು, ಆ ಹೊತ್ತಿಗೆ ಫೋನ್ ಬೇರೆಯವರ ಕೈಯಲ್ಲಿರುವಂತೆ ನೋಡುವುದು, ‘ಇನ್ನೇನು ಬರುತ್ತಿತ್ತು’ ಎಂಬ ಲೆಕ್ಕ ಎಲ್ಲಿ ತಪ್ಪು ಎಂದು ಬಿಡಿಸಿ ನೋಡುವುದು. ಜೂಜಿಗೆಂದೇ ಅನುಮೋದನೆಯಾದ ಮಾತ್ರೆ ಇಲ್ಲ. ಕೆಲವರಿಗೆ ನಾಲ್ಟ್ರೆಕ್ಸೋನ್ ಬರೆಯುತ್ತಾರೆ, ಅದಕ್ಕೆ ಯಕೃತ್ತಿನ ಪರೀಕ್ಷೆ ಬೇಕು. ಜೊತೆಗೆ ಖಿನ್ನತೆ, ಕುಡಿತ ಇದ್ದರೆ ಅದಕ್ಕೂ ಚಿಕಿತ್ಸೆ ಆಗಲೇಬೇಕು.

ಇನ್ನೊಂದು, ಬಹಳ ಜನರಿಗೆ ಗೊತ್ತಿಲ್ಲದ್ದು. ಪಾರ್ಕಿನ್ಸನ್ಸ್‌ಗೋ, ರಾತ್ರಿ ಕಾಲು ಚಡಪಡಿಸುವ ತೊಂದರೆಗೋ ಪ್ರಾಮಿಪೆಕ್ಸಾಲ್, ರೋಪಿನಿರಾಲ್ ತೆಗೆದುಕೊಳ್ಳುತ್ತಿರುವವರಲ್ಲಿ ಇದ್ದಕ್ಕಿದ್ದಂತೆ ಜೂಜಿನ ಹುಚ್ಚು ಹುಟ್ಟುವುದುಂಟು. ನಿವೃತ್ತಿಯ ಅಂಚಿನ ಸದಸ್ಯರು, ಜೀವನವಿಡೀ ಆಡದವರು ಈಗ ಆಡುತ್ತಿದ್ದರೆ ಯಾವ ಮಾತ್ರೆ ನುಂಗುತ್ತಿದ್ದಾರೆಂದು ಕೇಳಿ. ತಾವೇ ನಿಲ್ಲಿಸಬಾರದು, ಬರೆದುಕೊಟ್ಟ ನರರೋಗ ತಜ್ಞರಿಗೆ ತಿಳಿಸಬೇಕು.

ಸಾಲ ಬಯಲಾದ ಮೊದಲ ದಿನಗಳೇ ಅತಿ ಅಪಾಯದವು. ಸಮಿತಿ ಎದುರು ನಿಲ್ಲಿಸಿ ಬೈದು ಕಳಿಸಬೇಡಿ. ‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕರಿಕೋಟು:

ಕಾನೂನಿನ ಭಾಗ ನಾನು ಹೇಳುತ್ತೇನೆ. ಹೆದರಿಕೆಯಿಂದ ಜನ ತೀರಿಸುವ ಸಾಲಗಳಲ್ಲಿ ಕೆಲವನ್ನು ತೀರಿಸಲೇಬೇಕಿಲ್ಲ.

ಬುಕ್ಕಿಗೆ ಕೊಡಬೇಕಾದ ಬಾಕಿ: 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಪಣದ ಒಪ್ಪಂದ ಅನೂರ್ಜಿತ, ಕೋರ್ಟಿನಲ್ಲಿ ವಸೂಲಿ ಮಾಡಲಾಗದು. ಆದರೆ ಬುಕ್ಕಿಗಳು ಖಾಲಿ ಚೆಕ್ ಬರೆಸಿಕೊಂಡಿರುತ್ತಾರೆ. ಅದು ಬೌನ್ಸ್ ಆಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ನೋಟಿಸ್ ಬಂದರೆ ಸುಮ್ಮನೆ ಕೂರಬೇಡಿ. ಚೆಕ್ ಕೊಟ್ಟದ್ದು ನ್ಯಾಯಬದ್ಧ ಸಾಲಕ್ಕೇ ಎಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಚೆಕ್ ಕೊಟ್ಟವರದ್ದು. ಹದಿನೈದು ದಿನದೊಳಗೆ ವಕೀಲರ ಮೂಲಕ ಉತ್ತರ ಕೊಟ್ಟು, ವಾಟ್ಸ್‌ಆ್ಯಪ್ ಸಂದೇಶಗಳನ್ನು ಉಳಿಸಿಕೊಳ್ಳಿ. ನಾಚಿಕೆಪಟ್ಟು ಚಾಟ್ ಅಳಿಸಿ ಕೈಯಲ್ಲಿದ್ದ ಸಾಕ್ಷ್ಯ ಕಳೆದುಕೊಳ್ಳುವವರೇ ಹೆಚ್ಚು.

ಗಂಡನ ವೈಯಕ್ತಿಕ ಸಾಲಕ್ಕೆ ಹೆಂಡತಿ ಸಹಿ ಹಾಕಿಲ್ಲದಿದ್ದರೆ ಆಕೆ ಹೊಣೆಯಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರದ ಅಪ್ಪನ ಸಾಲವನ್ನು ಮಗನ ಧರ್ಮವೆಂದು ವಸೂಲಿ ಮಾಡುವಂತಿಲ್ಲ. ಪಿತ್ರಾರ್ಜಿತವಾಗಿ ಬಂದ ಆಸ್ತಿಯ ಮಟ್ಟಿಗಷ್ಟೇ ವಾರಸುದಾರರ ಹೊಣೆ. ಹಾಗಾಗಿ ಮನೆಯವರಿಗೆ ಹೇಳಬೇಕಾದ ಮೊದಲ ಮಾತು: ಈ ವಾರ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಅದರಲ್ಲೂ ‘ಸಾಲ ಒಟ್ಟುಗೂಡಿಸುತ್ತೇವೆ’ ಎಂಬ ಹೊಸ ಸಾಲಕ್ಕೆ.

ಸಾಲದ ಆ್ಯಪ್ ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿದೆಯೇ ನೋಡಿ. ಅಲ್ಲಿರುವವರೂ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಫೋನಿನಲ್ಲಿರುವ ನಂಬರುಗಳನ್ನು, ಫೋಟೊಗಳನ್ನು ಮುಟ್ಟುವಂತಿಲ್ಲ. ಮೀರಿದರೆ ಮೊದಲು ಸಂಸ್ಥೆಗೆ ಬರೆದು ದೂರು, ಮೂವತ್ತು ದಿನ ಕಳೆದರೂ ಪರಿಹಾರವಿಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಲೋಕಪಾಲರಿಗೆ. ಫೋಟೊ ತಿದ್ದಿ ಬೆದರಿಸುವವರ ವಿರುದ್ಧ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಯಲ್ಲೂ ದೂರು ಕೊಡಿ. ನೋಂದಣಿ ಇಲ್ಲದ ಬಡ್ಡಿ ವ್ಯವಹಾರದವರ ಕಿರುಕುಳಕ್ಕೆ ಕರ್ನಾಟಕದಲ್ಲೇ 2025ರಲ್ಲಿ ಕಿರು ಸಾಲ, ಸಣ್ಣ ಸಾಲದ ಬಲವಂತದ ಕ್ರಮ ತಡೆ ಕಾಯ್ದೆ ಬಂದಿದೆ.

ರೇಸ್ ಕೋರ್ಸ್ ರಸ್ತೆಯ ಬೆಟ್ಟಿಂಗ್ ಕೌಂಟರ್ ವಿಷಯ ಬೇರೆ, ಅದು ಲೈಸೆನ್ಸ್ ಇರುವ ವ್ಯವಹಾರ. ಕುದುರೆ ಪಂದ್ಯ ಕೌಶಲದ ಆಟ ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೌಶಲದ ಆಟ ಎಂದಾಕ್ಷಣ ಚಟ ಹಿಡಿಯುವುದಿಲ್ಲ ಎಂದೇನೂ ಇಲ್ಲ ಬಿಡಿ.

ಸಾಲಸಮಿತಿ_ಗಿರಿನಗರ:

ಎಲ್ಲರಿಗೂ ಧನ್ಯವಾದ. ಒಂದು ತಕರಾರು. ಮರುಸಾಲ ಕೊಡದಿದ್ದರೆ ಅವರು ಆ್ಯಪ್‌ಗಳ ಬಡ್ಡಿಗೇ ಬಲಿಯಾಗುತ್ತಾರೆ. ನಮ್ಮ ಬಡ್ಡಿ ಅದರ ಕಾಲು ಭಾಗವೂ ಇಲ್ಲ. ಇನ್ನೊಂದು, ಗೋವಾ ಕ್ಯಾಸಿನೊಗಳಿಗೆ ಇವರ ಹೆಸರು ಕೊಟ್ಟು ಒಳಗೆ ಬಿಡದಂತೆ ಮಾಡಿಸಬಹುದೇ?

ಖಾತೆಕಿರ್ದಿ:

ಬಡ್ಡಿ ಲೆಕ್ಕ ಸರಿ, ಆಡುವುದು ನಿಂತವರ ವಿಷಯದಲ್ಲಿ ಮಾತ್ರ. ಮೊದಲು ಹಣ ಹೋಗುವ ದಾರಿ ಮುಚ್ಚಿ, ಮೂರು ತಿಂಗಳ ಸ್ಟೇಟ್‌ಮೆಂಟ್ ಶುದ್ಧವಾಗಿ ಬಂದ ಮೇಲೆ ಮರುಸಾಲ ಯೋಚಿಸಿ. ಆಗಲೂ ಚೆಕ್ ನೇರ ಸಾಲ ಕೊಟ್ಟ ಸಂಸ್ಥೆಯ ಹೆಸರಿಗೆ, ಖಾತೆ ಮುಚ್ಚಿದ ಪತ್ರ ಕಡತಕ್ಕೆ.

ಮುಚ್ಚುವುದು ಹೇಗೆಂದರೆ, ಸಂಬಳ ಬಿದ್ದ ದಿನವೇ ಮನೆ ಖರ್ಚಿನ ಮೊತ್ತ ಹೆಂಡತಿ ಅಥವಾ ತಾಯಿಯ ಪ್ರತ್ಯೇಕ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ. ಜಂಟಿ ಖಾತೆ ಬೇಡ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವ ಖಾತೆಯಿಂದ ಅವರೇ ತೆಗೆಯುತ್ತಾರೆ. ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆ ಬಂದ್ ಮಾಡಿ. ಕ್ರೆಡಿಟ್ ಕಾರ್ಡ್ ರದ್ದು. ಯುಪಿಐ ದಿನದ ಮಿತಿ ಇಳಿಸಿ, ಆಟೊಪೇ ಪಟ್ಟಿ ತೆರೆದು ಬೇಡದ್ದನ್ನು ಅಳಿಸಿ. ಇದರಲ್ಲಿ ಸೋರುವ ಜಾಗ ಒಂದಿದೆ: ಮಿತಿಯನ್ನು ಇಳಿಸಿದವರೇ ಅರ್ಧ ನಿಮಿಷದಲ್ಲಿ ಏರಿಸಬಹುದು. ಆದ್ದರಿಂದ ಹಣವಿರುವ ಖಾತೆಗೆ ಯುಪಿಐ ಇರಲೇಬಾರದು, ದಿನಖರ್ಚಿಗೆ ವಾರಕ್ಕಿಷ್ಟೆಂದು ಹಾಕುವ ಬೇರೆ ಸಣ್ಣ ಖಾತೆ ಸಾಕು. ಇದನ್ನೆಲ್ಲ ಅವರ ಒಪ್ಪಿಗೆ ಇಲ್ಲದೆ ಕದ್ದು ಮಾಡಿದರೆ ಹೊಸ ಸಿಮ್, ಹೊಸ ಖಾತೆ ಮಾಡಿಕೊಳ್ಳುತ್ತಾರೆ, ಅಷ್ಟೇ.

ತೀರಿಸುವ ಕ್ರಮ: ಬಾಡಿಗೆ, ಶಾಲೆ ಫೀಸು, ಕರೆಂಟು ಮೊದಲು. ಆಮೇಲೆ ಹರಾಜಿಗೆ ನೋಟಿಸ್ ಬಂದ ಒಡವೆ. ಆಮೇಲೆ ಜಾಮೀನುದಾರರಿರುವ ಸಾಲ. ಕಾರ್ಡು, ಆ್ಯಪ್ ಕೊನೆಗೆ. ಬಡ್ಡಿ ಹೆಚ್ಚಿದ್ದನ್ನೇ ಮೊದಲು ತೀರಿಸಿ ಎನ್ನುವವರು ಇದನ್ನು ಒಪ್ಪುವುದಿಲ್ಲ, ಆದರೆ ಜೋರಾಗಿ ಕಿರುಚುವವರಿಗೆ ಮೊದಲು ಕೊಟ್ಟರೆ ಮನೆ ಖಾಲಿ ಮಾಡಬೇಕಾಗುತ್ತದೆ.

ಸಮಾಲೋಚಕಿ_ಜಯನಗರ:

ಕ್ಯಾಸಿನೊ ಪ್ರಶ್ನೆಗೆ: ಸಿಂಗಪುರದಲ್ಲಿ ಮನೆಯವರೇ ಅರ್ಜಿ ಹಾಕಿ ಒಬ್ಬರನ್ನು ಕ್ಯಾಸಿನೊದಿಂದ ಹೊರಗಿಡಿಸುವ ಆದೇಶ ಪಡೆಯಬಹುದು. ಅಲ್ಲಿನ ನಾಗರಿಕರು ಒಳಗೆ ಹೋಗಲು ದಿನಕ್ಕೆ 150 ಡಾಲರ್ ಪ್ರವೇಶ ತೆರಿಗೆ ಕಟ್ಟಬೇಕು, 2019ಕ್ಕೆ ಮುಂಚೆ ಅದು 100 ಇತ್ತು. ಮಕಾವ್‌ನಲ್ಲಿ ಕ್ಯಾಸಿನೊ ನೌಕರರೇ ಕೆಲಸದ ಹೊತ್ತು ಬಿಟ್ಟು ಜೂಜಿನ ಅಂಗಣಕ್ಕೆ ಕಾಲಿಡದಂತೆ 2019ರ ಕೊನೆಯಲ್ಲಿ ನಿಷೇಧ ಬಂತು. ಬಾಗಿಲ ಬಳಿ ಇರುವವರಿಗೇ ಚಟ ಬೇಗ ಹತ್ತುತ್ತದೆ ಎಂಬ ತಿಳಿವಳಿಕೆಯಿಂದ ಹುಟ್ಟಿದ ನಿಯಮಗಳಿವು. ನಮ್ಮಲ್ಲಿ ಸಂಘವೋ ಮನೆಯವರೋ ಹಾಗೆ ಅರ್ಜಿ ಹಾಕುವ ವ್ಯವಸ್ಥೆ ಇಲ್ಲ. ಪಣಜಿಗೆ ಹೋಗಲು ಒಂದು ರಾತ್ರಿಯ ಬಸ್ಸಾದರೂ ಹಿಡಿಯಬೇಕು. ಅಷ್ಟರಲ್ಲಿ ಮನಸ್ಸು ಬದಲಾಗಲು ಸಮಯ ಸಿಗುತ್ತದೆ. ಫೋನಿನಲ್ಲಿ ಅದು ಇಲ್ಲವಾದ್ದರಿಂದ ನಿಮ್ಮ ಗಮನ ಅಲ್ಲೇ ಇರಲಿ.

ಕರಿಕೋಟು:

ಜಾಮೀನುದಾರರ ಬಗ್ಗೆ ಯಾರೂ ಬರೆಯಲಿಲ್ಲ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಅವರ ಹೊಣೆ ಸಾಲಗಾರರಷ್ಟೇ ಪೂರ್ತಿ. ಸಂಘಗಳು ಆರೆಂಟು ಕಂತು ತಪ್ಪುವ ತನಕ ಅವರಿಗೆ ತಿಳಿಸದೆ, ಕೊನೆಗೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂನ ದಾವೆಯಲ್ಲಿ ನೇರ ಸೇರಿಸಿ ನೋಟಿಸ್ ಕಳಿಸುತ್ತವೆ. ಮೊದಲ ಕಂತು ತಪ್ಪಿದ ತಿಂಗಳೇ ಇಬ್ಬರಿಗೂ ಪತ್ರ ಹೋಗಲಿ. ಆದರೆ ಪತ್ರದಲ್ಲಿ ಬಾಕಿ ಮೊತ್ತ ಬಿಟ್ಟು ಕಾರಣ ಬರೆಯಬೇಡಿ. ಜೂಜು ಎಂದು ಬರೆದ ಕಾಗದ ಕಚೇರಿಯಲ್ಲಿ ಕೈಯಿಂದ ಕೈಗೆ ಹೋದರೆ ಆ ಮನುಷ್ಯ ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ.