‘ನೋವು ತಡೆಯಬಹುದಾ?’: ಈ ‘ತಡೆ’ಗೆ ಬದಲು ಪದ ಬೇಕು

ಗೆಳೆಯರೇ,

ಆಪರೇಷನ್ ಆಗಿ ವಾರ್ಡಿಗೆ ಬಂದವರ ಕೈಗೆ ಕೊಡಲು ನೋವಿನ ಬಗ್ಗೆ ಒಂದು ಚಿಕ್ಕ ಕರಪತ್ರ ಬರೆಯುತ್ತಿದ್ದೇನೆ. ‘ತಡೆ’ ಅನ್ನೋ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

‘ನೋವು ತಡೆಯಲು ಮಾತ್ರೆ’ ಎಂದರೆ ನೋವು ಬಾರದ ಹಾಗೆ ಮಾಡಲು. ‘ನೋವು ತಡೆಯೋಕೆ ಆಗ್ತಿಲ್ಲ’ ಎಂದರೆ ಸಹಿಸೋಕೆ ಆಗ್ತಿಲ್ಲ. ‘ಸ್ವಲ್ಪ ತಡೀರಿ’ ಎಂದರೆ ಕಾಯಿರಿ. ಹಾಸಿಗೆಯಲ್ಲಿ ಮಲಗಿದವರಿಗೆ ಈ ಮೂರೂ ಒಂದೇ ದಿನ ಕಿವಿಗೆ ಬೀಳುತ್ತವೆ.

ನರ್ಸ್ ‘ನೋವು ತಡೆಯಬಹುದಾ?’ ಎಂದು ಕೇಳಿದರೆ ಹೆಚ್ಚಿನವರು ‘ತಡ್ಕೋತೀನಿ’ ಅನ್ನುತ್ತಾರೆ. ಸಹಿಸೋದೇ ಒಳ್ಳೆಯ ಗುಣ ಎಂದು ಬೆಳೆದವರು ಇನ್ನೇನು ಹೇಳಿಯಾರು? ಆದರೆ ಹೊಟ್ಟೆಯ ಹೊಲಿಗೆ ನೋಯುತ್ತೆ ಎಂದು ಅವರು ಕೆಮ್ಮುವುದಿಲ್ಲ, ಉಸಿರನ್ನು ಪೂರ್ತಿ ಎಳೆದುಕೊಳ್ಳುವುದಿಲ್ಲ. ಕಫ ಒಳಗೇ ಉಳಿದು ನ್ಯುಮೋನಿಯಾ ಆಗಬಹುದು. ಎದ್ದು ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ. ಹಾಗಾಗಿ ‘ಕೆಮ್ಮಿದಾಗ, ಮಗ್ಗುಲು ಬದಲಿಸಿದಾಗ ಎಷ್ಟು ನೋಯುತ್ತೆ?’ ಎಂದು ಬರೆದಿದ್ದೇನೆ. ಸುಮ್ನೆ ಮಲಗಿದ್ದಾಗಿನ ನೋವೇ ಬೇರೆ, ಅಲ್ವಾ?

ನೋವು ಎಷ್ಟಿದೆ ಎಂದು ಹೇಳಲು ಬಳಸುವ 0ಯಿಂದ 10ರವರೆಗಿನ ಅಳತೆಗೆ (0 ಎಂದರೆ ನೋವೇ ಇಲ್ಲ) ‘ನೋವಿನ ಅಂಕ’ ಎಂಬ ಪದ ನನಗೆ ಒಪ್ಪಿಗೆಯಾಗಲಿಲ್ಲ. ಅಂಕ ಎಂದರೆ ಪರೀಕ್ಷೆ ನೆನಪಾಗುತ್ತದೆ, ಜಾಸ್ತಿ ಬಂದಷ್ಟೂ ಒಳ್ಳೆಯದು ಅನ್ನಿಸುತ್ತದೆ. ‘ನೋವಿನ ಮಟ್ಟ’ ಸಾಕೇ?

‘ನೋವು ನಿವಾರಕ’ವೂ ಅಷ್ಟೇ. ನೋವು ಪೂರ್ತಿ ಹೋಗುತ್ತದೆ ಎಂದು ಮಾತು ಕೊಟ್ಟ ಹಾಗೆ ಕೇಳಿಸುತ್ತದೆ. ನಿಜವಾದ ಗುರಿ ಕೆಮ್ಮಲು, ಕೂರಲು, ನಡೆಯಲು ಆಗುವಷ್ಟು ಕಡಿಮೆ ಮಾಡುವುದು. ಊತ ಇಳಿಯಿತು, ಜ್ವರ ಇಳಿಯಿತು ಅನ್ನುತ್ತೇವಲ್ಲ, ಹಾಗೆಯೇ ‘ನೋವು ಇಳಿಸುವ ಔಷಧಿ’ ಎಂದಿಟ್ಟಿದ್ದೇನೆ.

ಇನ್ನೊಂದು ಕೇಳಿಕೆ. ನೋವಿನ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜ್ಯಾಕ್ 1975ರಲ್ಲಿ ಪ್ರಕಟಿಸಿದ, ರೋಗಿಯ ನೋವನ್ನು ಅಳೆಯುವ ಮೆಕ್‌ಗಿಲ್ ಪ್ರಶ್ನಾವಳಿಯಲ್ಲಿ ನೋವಿನ ಬಗೆ ಹೇಳುವ 78 ಪದಗಳಿವೆ. ನಮ್ಮಲ್ಲೂ ಉರಿ, ಸೆಳೆತ, ಚಳುಕು, ಜೋಮು, ಹಿಂಡಿದ ಹಾಗೆ, ಸಿಡಿದ ಹಾಗೆ ಎಂದೆಲ್ಲ ಇದೆ. ಇವು ಬರೀ ಸೊಗಸಿಗೆ ಇರುವ ಪದಗಳಲ್ಲ. ಉರಿ, ಚಳುಕು, ಜೋಮು ಇದ್ದರೆ ನರಕ್ಕೆ ಪೆಟ್ಟಾಗಿರಬಹುದು, ಅದಕ್ಕೆ ಕೊಡುವ ಔಷಧಿಯೇ ಬೇರೆ ಇರಬಹುದು. ಹಾಳೆಯಲ್ಲಿ ಬರೀ ‘ನೋವು’ ಎಂದು ಬರೆದರೆ ಆ ಸುಳಿವು ಕಳೆದುಹೋಗುತ್ತದೆ.

ನಿಮ್ಮ ಮನೆಯ ಹಿರಿಯರು ನೋವಿನ ಬಗೆಗೆ ಬಳಸುವ ಪದಗಳನ್ನು ದಯವಿಟ್ಟು ಬರೆಯಿರಿ. ‘ತಡೆ’ ಇಲ್ಲದೆ ಆ ಪ್ರಶ್ನೆಯನ್ನು ನೀವು ಹೇಗೆ ಕೇಳುತ್ತೀರಿ ಎಂಬುದನ್ನೂ ತಿಳಿಸಿ.