14 ವರ್ಷದ ಬೆಕ್ಕಿಗೆ ಶುಗರ್, ಇನ್ಸುಲಿನ್ ಶುರು ಮಾಡಬೇಕಾ?

ಪ್ರಶ್ನೆ: ದಾವಣಗೆರೆಯವರು ನಾವು. ಬೆಕ್ಕು ಸಿಕ್ಕಾಪಟ್ಟೆ ನೀರು ಕುಡಿಯುತ್ತದೆ, ತಿಂದರೂ ಸೊರಗಿದೆ. ದಿನಕ್ಕೆ 2 ಸಲ ಇನ್ಸುಲಿನ್ ಬೇಕಂತೆ. ಈ ವಯಸ್ಸಲ್ಲಿ ಯಾಕೆ ಹಿಂಸೆ ಅಂತ ಅಮ್ಮನ ತಕರಾರು.

ಉತ್ತರ: ಸೂಜಿ ತುಂಬಾ ಸಣ್ಣದು, ಊಟ ಮಾಡುವಾಗ ಸಡಿಲ ಚರ್ಮಕ್ಕೆ ಚುಚ್ಚಿದರೆ ಎಷ್ಟೋ ಬೆಕ್ಕುಗಳಿಗೆ ಗೊತ್ತೇ ಆಗಲ್ಲ. ಕಷ್ಟ ಇರುವುದು ನಿಮಗೇ. 12 ಗಂಟೆಗೊಮ್ಮೆ ಮನೆಯಲ್ಲಿ ಯಾರಾದರೂ ಇರಲೇಬೇಕು, ಮದುವೆ ಜಾತ್ರೆ ಅಂತ ಹೊರಟರೆ ಯಾರು ಕೊಡುತ್ತಾರೆ?

ಉತ್ತರ: ಫ್ರಕ್ಟೋಸಮೈನ್ ಟೆಸ್ಟ್ (ಕಳೆದ ಕೆಲವು ವಾರಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಆಗಿದೆಯಾ? ಹೆದರಿದರೂ ಬೆಕ್ಕಿನ ಶುಗರ್ ಏರುತ್ತದೆ. ಹಾಲನ್ನ ಹಾಕುತ್ತಿದ್ದರೆ ಡಾಕ್ಟರನ್ನು ಕೇಳಿ ಬದಲಾಯಿಸಿ. ಬೇಗ ಶುರು ಮಾಡಿದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಕಾಗಲ್ಲ.

ಉತ್ತರ: ಕಿಡ್ನಿಯೂ ಪೂರ್ತಿ ಹೋಗಿದ್ದರೆ ನಾನಂತೂ ಒತ್ತಾಯ ಮಾಡಲ್ಲ. ಬರೀ ಶುಗರ್ ಆದರೆ ಒಂದೆರಡು ತಿಂಗಳು ಕೊಟ್ಟು ನೋಡಿ. ಇನ್ಸುಲಿನ್‌ನಿಂದ ಶುಗರ್ ತೀರಾ ಇಳಿದು ತೂರಾಡಿದರೆ ಒಸಡಿಗೆ ಜೇನು ಸವರಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.